ಕೀಲು ನೋವಿಗೆ ಯಾವ ಚಿಕಿತ್ಸೆ? ಮೊದಲು ಅದು ಯಾವ ಸಂಧಿವಾತ ಅಂತ ನೋಡಿ

ಕೀಲು ನೋವು ಅಂದ ತಕ್ಷಣ ಸಲಹೆಗಳಿಗೆ ಕೊರತೆ ಇರುವುದಿಲ್ಲ. ಒಬ್ಬರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಅನ್ನುತ್ತಾರೆ, ಇನ್ನೊಬ್ಬರು ಮಂಡಿಗೆ ಇಂಜೆಕ್ಷನ್ ಹಾಕಿಸಿ ಅನ್ನುತ್ತಾರೆ, ಮತ್ತೊಬ್ಬರು ಬದನೆಕಾಯಿ, ಆಲೂಗಡ್ಡೆ ಬಿಟ್ಟುಬಿಡಿ, ಅದೆಲ್ಲ ವಾಯು ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ನೋವಿನ ಮಾತ್ರೆ ಸಿಕ್ಕಿಬಿಡುತ್ತದೆ. ಇವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇದು ಯಾವ ಥರದ ಸಂಧಿವಾತ?

ಸಂಧಿವಾತದಲ್ಲಿ ನೂರಕ್ಕೂ ಹೆಚ್ಚು ವಿಧಗಳಿವೆ. ಅಷ್ಟನ್ನೂ ನಾವು ತಿಳಿಯಬೇಕಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ನಾಲ್ಕೈದು. ಇವುಗಳಲ್ಲಿ ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ದಂಡ, ಕೆಲವು ಸಲ ಅಪಾಯ ಕೂಡ. ಮಂಡಿ ಸವೆತ ಇರುವವರು "ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ" ಅಂದರೆ ಅದು ಒಳ್ಳೆಯ ತೀರ್ಮಾನ. ರುಮಟಾಯ್ಡ್ (ಮೈಯ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳುವ ಸಂಧಿವಾತ) ಇರುವವರು ಔಷಧಿ ಇಲ್ಲದೆ ಅದೇ ಮೂರು ತಿಂಗಳು ಕಾದರೆ ಬೆರಳಿನ ಮೂಳೆಗಳು ಕೊರೆದು ಹೋಗಲು ಶುರುವಾಗಬಹುದು, ಹಾಗೆ ಹೋದದ್ದು ತಿರುಗಿ ಬರುವುದಿಲ್ಲ. ಇಬ್ಬರೂ ಹೇಳುವುದು ಮಾತ್ರ ಒಂದೇ: "ಕೀಲು ನೋವು ಕಣ್ರೀ."

ಗುರುತು ಹಿಡಿಯುವುದು ಹೇಗೆ

ಡಾಕ್ಟರ ಹತ್ತಿರ ಹೋಗುವ ಮೊದಲು ನೀವೇ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೆಳಗಿನ ಬಿಗಿತ. ಹಾಸಿಗೆಯಿಂದ ಎದ್ದಾಗ ಕೀಲು ಹಿಡಿದುಕೊಂಡ ಹಾಗಿದ್ದು, ಸ್ವಲ್ಪ ಓಡಾಡಿದ ಮೇಲೆ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಹೆಚ್ಚಾಗಿ ಸವೆತ. ಒಂದು ಗಂಟೆ, ಎರಡು ಗಂಟೆ ಆದರೂ ಮುಷ್ಟಿ ಕಟ್ಟಲು ಆಗುತ್ತಿಲ್ಲ, ಕಾಫಿ ಲೋಟ ಹಿಡಿಯಲು ಆಗುತ್ತಿಲ್ಲ, ಸೀರೆಗೆ ಪಿನ್ ಹಾಕಲು ಆಗುತ್ತಿಲ್ಲ ಅಂದರೆ ಅದು ರುಮಟಾಯ್ಡ್ ಥರದ ಉರಿಯೂತದ ಸಂಧಿವಾತದ ಲಕ್ಷಣ.

ಎರಡನೆಯದು, ಕೆಲಸ ಮಾಡಿದರೆ ನೋವು ಏನಾಗುತ್ತದೆ ಅನ್ನುವುದು. ಸವೆತದ ನೋವು ಓಡಾಡಿದಷ್ಟೂ ಜಾಸ್ತಿಯಾಗಿ, ಕೂತರೆ ಕಡಿಮೆಯಾಗುತ್ತದೆ. ಉರಿಯೂತದ್ದು ಉಲ್ಟಾ, ಸುಮ್ನೆ ಇದ್ದಾಗ ಹಿಡಿದುಕೊಳ್ಳುತ್ತದೆ, ಓಡಾಡಿದರೆ ಬಿಡುತ್ತದೆ.

ಆಮೇಲೆ ಯಾವ ಕೀಲು ಅಂತ ನೋಡಿ. ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಮತ್ತು ಮಣಿಕಟ್ಟು ಒಟ್ಟಿಗೆ ಊದಿದರೆ ರುಮಟಾಯ್ಡ್ ಅನುಮಾನ. ಉಗುರಿನ ಹತ್ತಿರದ ತುದಿ ಗೆಣ್ಣು ಗಂಟುಗಂಟಾಗಿದ್ದರೆ ಹೆಚ್ಚಾಗಿ ವಯಸ್ಸಿನ ಸವೆತ. ಕಾಲಿನ ಹೆಬ್ಬೆರಳು ಒಂದೇ ರಾತ್ರಿಯಲ್ಲಿ ಕೆಂಪಾಗಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಂತಾದರೆ ಹೆಚ್ಚಾಗಿ ಗೌಟ್, ಅಂದರೆ ಯೂರಿಕ್ ಆಸಿಡ್ ಹರಳಿನಿಂದ ಬರುವ ಸಂಧಿವಾತ. ಇಪ್ಪತ್ತೈದರ ಹುಡುಗನಿಗೆ ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಸೊಂಟ ನೋವು ಇದ್ದು, ಬೆಳಗಿನ ಜಾವ ಎಚ್ಚರವಾಗುತ್ತಿದ್ದರೆ ಅದನ್ನು "ಬೈಕ್ ಓಡಿಸಿ ಬಂದದ್ದು" ಅಂತ ತಳ್ಳಿಹಾಕಬೇಡಿ, ಬೆನ್ನಿನ ಸಂಧಿವಾತ ಇರಬಹುದು.

ಒಂದು ವಿಷಯ ಮಾತ್ರ ಕಾಯುವಂಥದ್ದಲ್ಲ. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಆಗಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ, ಜೀವಕ್ಕೂ ಅಪಾಯ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಇಂಥ ಹೊತ್ತಿನಲ್ಲಿ ಎಣ್ಣೆ ಹಚ್ಚಿ ನೀವುತ್ತಾ ಕೂರಬೇಡಿ.

ಮಂಡಿ ಸವೆತ: ಆಯ್ಕೆಗಳು ಜಾಸ್ತಿ, ಕೆಲಸಕ್ಕೆ ಬರುವುದು ಕಡಿಮೆ

ಆಸ್ಟಿಯೋ ಆರ್ಥ್ರೈಟಿಸ್ ಅನ್ನುವುದು ಇದನ್ನೇ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರ ಇರುತ್ತದೆ, ಕಾರ್ಟಿಲೇಜ್ ಅಂತ. ಅದು ತೆಳುವಾಗುತ್ತಾ ಹೋಗುತ್ತದೆ, ಅಂಚಿನಲ್ಲಿ ಮೂಳೆ ಬೆಳೆಯುತ್ತದೆ, ಸುತ್ತಲಿನ ಸ್ನಾಯು ಸೊರಗುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನ ಎಲ್ಲವೂ ಕಾರಣ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಹೆಚ್ಚು.

ಇದಕ್ಕೆ ಎಷ್ಟು ಥರದ ಚಿಕಿತ್ಸೆ ಮಾರಾಟಕ್ಕಿದೆ ನೋಡಿ: ಮಾತ್ರೆ, ಮುಲಾಮು, ಪುಡಿ, ಬೆಲ್ಟು, ಮೂರ್ನಾಲ್ಕು ಬಗೆಯ ಇಂಜೆಕ್ಷನ್, ಲೇಸರ್, ಆಪರೇಷನ್. ಇವುಗಳಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಯಾರೂ ಮಾರದ ಎರಡಕ್ಕೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಮತ್ತು ತೂಕ ಜಾಸ್ತಿ ಇದ್ದರೆ ಇಳಿಸುವುದು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ನಡೆಯುವಾಗ ಮೈತೂಕದ ಹಲವು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ಸುಮಾರು ನಾಲ್ಕು ಕೆಜಿ ಹೊರೆ ಇಳಿದ ಹಾಗೆ ಅಂತ ಅಳತೆ ಮಾಡಿ ನೋಡಿದ್ದಾರೆ. ಎಂಬತ್ತು ಕೆಜಿ ಇರುವವರು ಐದಾರು ಕೆಜಿ ಇಳಿಸಿದರೂ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ವ್ಯಾಯಾಮ ಅಂದರೆ ಜಿಮ್ ಅಲ್ಲ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ತೊಡೆ ಬಿಗಿ ಮಾಡಿ ಐದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಅದರ ಜೊತೆಗೆ ಸಮತಟ್ಟಾದ ಜಾಗದಲ್ಲಿ ನಡಿಗೆ. ಶುರುವಿನಲ್ಲಿ ಸ್ವಲ್ಪ ನೋವು ಬರುತ್ತದೆ, ಅದಕ್ಕೆ ಹೆದರಬೇಡಿ. ಮಾರನೆಯ ದಿನಕ್ಕೂ ಹೆಚ್ಚಿನ ನೋವು ಉಳಿದರೆ ಮಾತ್ರ ಕಡಿಮೆ ಮಾಡಿ. ಫಲ ಸಿಗಲು ಎಂಟರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೆ ಬಿಟ್ಟು "ವ್ಯಾಯಾಮದಿಂದ ಏನೂ ಆಗಲಿಲ್ಲ" ಅನ್ನುವವರೇ ಜಾಸ್ತಿ. "ಸವೆದ ಮಂಡಿಯನ್ನು ಆಡಿಸಿದರೆ ಇನ್ನೂ ಸವೆಯುತ್ತದೆ" ಅನ್ನುವ ಭಯ ನಮ್ಮ ಹಿರಿಯರಲ್ಲಿ ತುಂಬಾ ಇದೆ, ಅದು ತಪ್ಪು. ಆಡಿಸದೆ ಬಿಟ್ಟರೆ ಸ್ನಾಯು ಕರಗಿ ಪೂರ್ತಿ ಭಾರ ಕೀಲಿನ ಮೇಲೆ ಬೀಳುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯುವುದು, ಇಂಡಿಯನ್ ಟಾಯ್ಲೆಟ್, ಇವು ಮೂರೂ ಸವೆದ ಮಂಡಿಗೆ ಕಷ್ಟ. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಮಂಡಿ ನೋವಿದ್ದರೆ ದುಬಾರಿ ಟಾನಿಕ್ ತರುವ ಬದಲು ಮೊದಲು ಒಂದು ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿಯಲು ಒಂದು ಕಂಬಿ ಹಾಕಿಸಿ. ಊರುಗೋಲು ಹಿಡಿಯುವವರು ನೋವಿರುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈ. ತುಂಬಾ ಜನ ನೋವಿರುವ ಕಡೆಗೇ ಹಿಡಿಯುತ್ತಾರೆ, ಹಾಗೆ ಹಿಡಿದರೆ ಉಪಯೋಗ ಕಡಿಮೆ.

ಈಗ ಔಷಧಿಗಳ ಹೋಲಿಕೆ. ಡೈಕ್ಲೋಫಿನಾಕ್ ಇರುವ ಜೆಲ್ ಮಂಡಿಗೆ, ಕೈಬೆರಳಿಗೆ ಒಳ್ಳೆಯ ಮೊದಲ ಆಯ್ಕೆ, ಯಾಕೆಂದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನುಂಗುವ ನೋವಿನ ಮಾತ್ರೆ (ಡೈಕ್ಲೋಫಿನಾಕ್ ಥರದ್ದು) ಜೆಲ್‌ಗಿಂತ ಬಲ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ, ಹೃದಯ ಎಲ್ಲದಕ್ಕೂ ಅದರ ಕಾಟ ಇದೆ. ನೋವು ಜಾಸ್ತಿ ಇರುವ ಕೆಲವು ದಿನಕ್ಕೆ ಸರಿ, ವರ್ಷಗಟ್ಟಲೆ ದಿನಕ್ಕೆರಡು ನುಂಗುವುದು ಸರಿಯಲ್ಲ. ಬಿಪಿ, ಶುಗರ್ ಇರುವ ಅರವತ್ತು ದಾಟಿದವರು ಡಾಕ್ಟರನ್ನು ಕೇಳದೆ ಈ ಮಾತ್ರೆ ಒಂದನ್ನೂ ತರಬೇಡಿ. ಪ್ಯಾರಾಸಿಟಮಾಲ್ ಅಷ್ಟು ಅಪಾಯವಲ್ಲ, ಆದರೆ ಮಂಡಿ ಸವೆತಕ್ಕೆ ಅದರ ಉಪಯೋಗ ತೀರಾ ಸ್ವಲ್ಪ.

ಕಾರ್ಟಿಲೇಜ್‌ಗೆ ಒಳ್ಳೆಯದು ಅಂತ ಮಾರುವ ಗ್ಲೂಕೋಸಮೈನ್ ಮಾತ್ರೆ ಮತ್ತು ಪುಡಿಗೆ ತಿಂಗಳಿಗೆ ನೂರಾರು ರೂಪಾಯಿ ಸುರಿಯುವ ಮನೆಗಳು ಎಷ್ಟೋ ಇವೆ. 2006ರಲ್ಲಿ ಅಮೆರಿಕದಲ್ಲಿ ದೊಡ್ಡ ಅಧ್ಯಯನವೊಂದು ಇದನ್ನು ಬರೀ ಹುಸಿ ಮಾತ್ರೆಯ ಎದುರು ಹೋಲಿಸಿ ನೋಡಿತು, ಒಟ್ಟಾರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಅಲ್ಲಿನ ರುಮಟಾಲಜಿ (ಸಂಧಿವಾತ) ತಜ್ಞರ ಸಂಸ್ಥೆ ಮಂಡಿ ಸವೆತಕ್ಕೆ ಇದನ್ನು ಕೊಡಬೇಡಿ ಅಂತಲೇ ಹೇಳಿತು. ಆ ದುಡ್ಡಿಗೆ ನಾಲ್ಕು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ವ್ಯಾಯಾಮವನ್ನು ಸರಿಯಾಗಿ ಕಲಿತು ಬನ್ನಿ ಅಂತ ನನ್ನ ಮಾತು. ಹಾಗೆಯೇ ಕ್ಯಾಲ್ಸಿಯಂ ಮಾತ್ರೆ ಮಂಡಿ ಸವೆತಕ್ಕೆ ಔಷಧಿ ಅಲ್ಲ. ಅದು ಮೂಳೆ ಟೊಳ್ಳಾಗುವ ಬೇರೆಯೇ ಕಾಯಿಲೆಗೆ ಸಂಬಂಧಿಸಿದ್ದು.

ಇಂಜೆಕ್ಷನ್‌ಗಳಲ್ಲಿ ಮೂರು ಹೆಸರು ಕೇಳುತ್ತೀರಿ. ಸ್ಟೀರಾಯ್ಡ್ ಕೆಲವು ವಾರಗಳ ಮಟ್ಟಿಗೆ ನಿಜಕ್ಕೂ ಆರಾಮ ಕೊಡುತ್ತದೆ, ಮಗಳ ಮದುವೆ ಹತ್ತಿರ ಬಂದಿದೆ, ಮಂಡಿ ಊದಿಕೊಂಡಿದೆ ಅನ್ನುವಂಥ ಹೊತ್ತಿಗೆ ಅದು ಬೇಕಾಗಬಹುದು. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಹಾಕಿಸಿಕೊಂಡವರಲ್ಲಿ ನೋವು ಬೇರೆಯವರಿಗಿಂತ ಕಡಿಮೆಯಾಗಲಿಲ್ಲ, ಕಾರ್ಟಿಲೇಜ್ ಮಾತ್ರ ಜಾಸ್ತಿ ಸವೆಯಿತು ಅಂತ 2017ರ ಒಂದು ಅಧ್ಯಯನ ತೋರಿಸಿದೆ. ಹಾಗಾಗಿ ಅದನ್ನು ರೂಢಿ ಮಾಡಿಕೊಳ್ಳಬೇಡಿ. ಎರಡನೆಯದು ಹಯಲುರೋನಿಕ್ ಆಸಿಡ್, "ಮಂಡಿಗೆ ಗ್ರೀಸ್ ಹಾಕುವುದು" ಅಂತ ಹೇಳಿ ಹಾಕುತ್ತಾರೆ. ದುಬಾರಿ, ಲಾಭ ತೀರಾ ಅಲ್ಪ. ಮೂರನೆಯದು ಪಿಆರ್‌ಪಿ, ನಿಮ್ಮದೇ ರಕ್ತ ತೆಗೆದು, ಅದರಲ್ಲಿನ ಪ್ಲೇಟ್‌ಲೆಟ್ ಬೇರ್ಪಡಿಸಿ ಮಂಡಿಗೆ ಹಾಕುವುದು. 2021ರಲ್ಲಿ ಇದನ್ನು ಬರೀ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದಾಗ ಒಂದು ವರ್ಷದ ಮೇಲೆ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. "ಸ್ಟೆಮ್ ಸೆಲ್ ಹಾಕಿ ಹೊಸ ಕಾರ್ಟಿಲೇಜ್ ಬೆಳೆಸುತ್ತೇವೆ" ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಮಂಡಿ ಬದಲಾವಣೆಯ ಆಪರೇಷನ್ ಬಗ್ಗೆ ಎರಡು ತುದಿಯ ಅಭಿಪ್ರಾಯಗಳಿವೆ. ಕೆಲವರು ಎಕ್ಸ್‌ರೇ ನೋಡಿದ ದಿನವೇ ಆಗಬೇಕು ಅನ್ನುತ್ತಾರೆ, ಕೆಲವರು ಸತ್ತರೂ ಬೇಡ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಗ್ರೇಡ್ 4 (ಸವೆತ ತೀರಾ ಹೆಚ್ಚು) ಅಂತ ಬರೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ, ಗ್ರೇಡ್ 2 ಇದ್ದು ನರಳುವವರೂ ಇದ್ದಾರೆ. ತೀರ್ಮಾನ ಎಕ್ಸ್‌ರೇಯದ್ದಲ್ಲ, ನಿಮ್ಮ ಬದುಕಿನದ್ದು. ವ್ಯಾಯಾಮ, ತೂಕ, ಔಷಧಿ ಎಲ್ಲ ಪ್ರಾಮಾಣಿಕವಾಗಿ ಮಾಡಿದ ಮೇಲೂ ರಾತ್ರಿ ನಿದ್ದೆ ಇಲ್ಲ, ಬೀದಿ ಕೊನೆಯ ಅಂಗಡಿಗೂ ಹೋಗಲು ಆಗುವುದಿಲ್ಲ ಅಂದರೆ ಆಪರೇಷನ್ ಒಳ್ಳೆಯ ಆಯ್ಕೆಯೇ. ಹಾಕಿದ ಮಂಡಿಗಳಲ್ಲಿ ಹತ್ತಕ್ಕೆ ಎಂಟು 25 ವರ್ಷ ಬಾಳುತ್ತವೆ. ಅದಕ್ಕೇ ಐವತ್ತರಲ್ಲಿ ಮಾಡಿಸುವುದಕ್ಕೂ ಅರವತ್ತೈದರಲ್ಲಿ ಮಾಡಿಸುವುದಕ್ಕೂ ವ್ಯತ್ಯಾಸ ಇದೆ, ಚಿಕ್ಕ ವಯಸ್ಸಿನಲ್ಲಿ ಹಾಕಿಸಿದರೆ ಎರಡನೇ ಸಲ ಬಿಚ್ಚಿ ಹಾಕಬೇಕಾದೀತು. ಒಂದು ಬದಿ ಮಾತ್ರ ಸವೆದಿದ್ದರೆ ಅರ್ಧ ಮಂಡಿ ಬದಲಾಯಿಸುವ ದಾರಿಯೂ ಇದೆ, ಕೇಳಿ. ದೂರಬೀನು ತೂರಿಸಿ "ಮಂಡಿ ತೊಳೆಯುವ" ಆಪರೇಷನ್ ಬರೀ ಸವೆತಕ್ಕೆ ಪ್ರಯೋಜನವಿಲ್ಲ ಅನ್ನುವುದು 2002ರಲ್ಲೇ ಗೊತ್ತಾಗಿದೆ.

ಆಪರೇಷನ್ ಆದ ಮೇಲೂ ನೋವು ಪೂರ್ತಿ ಹೋಗದೆ ಬೇಸರ ಪಡುವವರು ಇದ್ದಾರೆ, ಹತ್ತರಲ್ಲಿ ಒಬ್ಬಿಬ್ಬರು. ಕುಕ್ಕರುಗಾಲು ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ. ಮೊದಲ ಮೂರು ತಿಂಗಳು ಫಿಸಿಯೋಥೆರಪಿ ಬಿಡುವಂತಿಲ್ಲ, ಅದಕ್ಕೆ ಮನೆಯಲ್ಲಿ ಒಬ್ಬರು ಜೊತೆಗಿರಬೇಕು. ರೋಬೋಟ್ ಆಪರೇಷನ್‌ಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಅದರಿಂದ ಮೂಳೆ ಕತ್ತರಿಸುವ ಅಳತೆ ನಿಖರವಾಗುತ್ತದೆ ನಿಜ, ರೋಗಿಯ ನಡಿಗೆಯಲ್ಲಿ, ನೋವಿನಲ್ಲಿ ದೊಡ್ಡ ವ್ಯತ್ಯಾಸ ಸ್ಪಷ್ಟವಾಗಿ ಸಾಬೀತಾಗಿಲ್ಲ. ರೋಬೋಟ್ ಇದೆಯಾ ಅನ್ನುವುದಕ್ಕಿಂತ ಆ ಡಾಕ್ಟರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಅಂತ ಕೇಳಿ. ಇಂಪ್ಲಾಂಟ್ (ಒಳಗೆ ಹಾಕುವ ಕೃತಕ ಮಂಡಿ) ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ ಮತ್ತು ಜಿಎಸ್‌ಟಿ. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ಬರೆದು ಕೊಡಿ ಅಂತ ಕೇಳಲು ಹಿಂಜರಿಯಬೇಡಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ.

ರುಮಟಾಯ್ಡ್: ಇಲ್ಲಿ ಕಾಯುವ ಹಾಗಿಲ್ಲ

ಇದು ಸವೆತ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ತನ್ನದೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ, ಮೂವತ್ತು, ನಲವತ್ತರ ವಯಸ್ಸಿನಲ್ಲೂ ಶುರುವಾಗುತ್ತದೆ. ಕೀಲಷ್ಟೇ ಅಲ್ಲ, ಶ್ವಾಸಕೋಶ, ಕಣ್ಣು, ಹೃದಯದ ಮೇಲೂ ಪರಿಣಾಮ ಇದೆ. ಸಣ್ಣ ಜ್ವರ, ಸುಸ್ತು, ತೂಕ ಇಳಿಯುವುದು ಕೂಡ ಇದರದ್ದೇ ಆಗಿರಬಹುದು.

ರಕ್ತ ಪರೀಕ್ಷೆಗಳಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಜೊತೆಗೆ ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಮುಖ್ಯ. ಆರ್‌ಎ ಫ್ಯಾಕ್ಟರ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಕಾಯಿಲೆ ಇಲ್ಲದ ಕೆಲವರಲ್ಲೂ ಅದು ಪಾಸಿಟಿವ್ ಬರುತ್ತದೆ, ಕಾಯಿಲೆ ಇರುವ ಕೆಲವರಲ್ಲಿ ನೆಗೆಟಿವ್ ಬರುತ್ತದೆ. ಆಂಟಿ ಸಿಸಿಪಿ ಪಾಸಿಟಿವ್ ಆದರೆ ಇನ್ನೂ ಹೆಚ್ಚು ನಂಬಬಹುದು.

ಚಿಕಿತ್ಸೆಯಲ್ಲಿ ಎರಡು ಗುಂಪು ಇದೆ, ಈ ವ್ಯತ್ಯಾಸ ಗೊತ್ತಿರಲೇಬೇಕು. ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್ ಒಂದು ಗುಂಪು. ಎರಡು ದಿನದಲ್ಲಿ ಆರಾಮ ಕೊಡುತ್ತವೆ. ಆದರೆ ನೋವಿನ ಮಾತ್ರೆ ಕಾಯಿಲೆಯನ್ನು ತಡೆಯುವುದಿಲ್ಲ, ಒಳಗೆ ಮೂಳೆ ಕೊರೆಯುವುದು ನಡೆದೇ ಇರುತ್ತದೆ. ಇನ್ನೊಂದು ಗುಂಪು ಕಾಯಿಲೆಯನ್ನೇ ಹಿಡಿತಕ್ಕೆ ತರುವ ಔಷಧಿಗಳು: ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನೊಮೈಡ್. ಇವು ನಿಧಾನ. ಆರರಿಂದ ಹನ್ನೆರಡು ವಾರ ಏನೂ ಆಗದ ಹಾಗೆ ಅನ್ನಿಸುತ್ತದೆ, ಆ ಹೊತ್ತಿನಲ್ಲೇ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಆ ಮಧ್ಯದ ಕಾಲಕ್ಕೆಂದೇ ಡಾಕ್ಟರು ಕಡಿಮೆ ಡೋಸಿನ ಸ್ಟೀರಾಯ್ಡ್ ಕೊಟ್ಟು ಆಮೇಲೆ ಇಳಿಸುತ್ತಾರೆ. ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅದನ್ನೇ ವರ್ಷಗಟ್ಟಲೆ ಮುಂದುವರಿಸಿ ಮೆಥೋಟ್ರೆಕ್ಸೇಟ್ ಬಿಡುವುದು ತಲೆಕೆಳಗಾದ ಲೆಕ್ಕ.

ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತಪ್ಪಿ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ, ಮಾತ್ರೆ ಡಬ್ಬಿಯ ಮೇಲೂ ಬರೆಯಿರಿ. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ದಿನ. ಲಿವರ್ ಮತ್ತು ರಕ್ತದ ಪರೀಕ್ಷೆ ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ಕುಡಿಯುವ ಅಭ್ಯಾಸ ಇದ್ದವರು ಬಿಡಬೇಕು. "ಇದು ಕ್ಯಾನ್ಸರ್ ಮಾತ್ರೆ ಅಂತೆ" ಅಂತ ಇಂಟರ್‌ನೆಟ್‌ನಲ್ಲಿ ಓದಿ ಹೆದರುವವರು ತುಂಬಾ ಜನ. ಕ್ಯಾನ್ಸರಿಗೂ ಕೊಡುತ್ತಾರೆ ನಿಜ, ಆದರೆ ಇಲ್ಲಿ ಕೊಡುವ ಡೋಸ್ ಅದಕ್ಕಿಂತ ಎಷ್ಟೋ ಕಡಿಮೆ. ರುಮಟಾಯ್ಡ್‌ಗೆ ಇಂದಿಗೂ ಜಗತ್ತಿನಾದ್ಯಂತ ಮೊದಲು ಕೊಡುವುದು ಇದನ್ನೇ. ಮಾತ್ರೆ ಅಗ್ಗ ಕೂಡ. ಹೈಡ್ರಾಕ್ಸಿಕ್ಲೋರೋಕ್ವಿನ್ ಅದಕ್ಕಿಂತ ಸೌಮ್ಯ, ಶಕ್ತಿಯೂ ಕಡಿಮೆ. ಅದಕ್ಕೆ ಕಣ್ಣಿನ ಪರೀಕ್ಷೆ ಬೇಕು, ಶುರುವಿನಲ್ಲಿ ಒಮ್ಮೆ, ಐದು ವರ್ಷ ಆದ ಮೇಲೆ ಪ್ರತಿ ವರ್ಷ.

ಇವುಗಳಿಂದ ಹಿಡಿತಕ್ಕೆ ಬರದಿದ್ದರೆ ಬಯಾಲಜಿಕ್ ಇಂಜೆಕ್ಷನ್‌ಗಳಿವೆ, ಟೊಫಾಸಿಟಿನಿಬ್ ಥರದ ಮಾತ್ರೆಗಳಿವೆ. ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್‌ಗಳು (ಬಯಾಲಜಿಕ್‌ಗಳಂತೆಯೇ ಕೆಲಸ ಮಾಡುವ ಅಗ್ಗದ ರೂಪಗಳು) ಬಂದ ಮೇಲೆ ಬೆಲೆ ಇಳಿದಿದೆ, ಆದರೂ ಎಲ್ಲರಿಗೂ ಎಟಕುವಷ್ಟಲ್ಲ. ಇವುಗಳನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ಮಲಗಿರುತ್ತದೆ, ಈ ಔಷಧಿ ಅದನ್ನು ಎಬ್ಬಿಸಬಹುದು.

ಇನ್ನೊಂದು ಮಾತು, ಇದು ನನಗೆ ಬಹಳ ನೋವು ಕೊಡುವ ವಿಷಯ. ಮದುವೆಯಾಗದ ಹುಡುಗಿಗೆ ಈ ಕಾಯಿಲೆ ಬಂದರೆ ಮನೆಯವರು ಮುಚ್ಚಿಡುತ್ತಾರೆ. ಮಾತ್ರೆ ತೆಗೆದುಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ, ಮಕ್ಕಳಾಗುವುದಿಲ್ಲ ಅಂತ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್ ಎರಡೂ ಬಸಿರಿನಲ್ಲಿ ಬೇಡವೇ ಬೇಡ, ಅದಕ್ಕೇ ಮೊದಲೇ ಡಾಕ್ಟರಿಗೆ ಹೇಳಿ, ಅವರು ಹೇಳಿದಷ್ಟು ತಿಂಗಳು ಮುಂಚೆ ಬದಲಾಯಿಸಿಕೊಳ್ಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಬಸಿರಿನಲ್ಲೂ ಕೊಡುತ್ತಾರೆ. ಚಿಕಿತ್ಸೆ ತೆಗೆದುಕೊಂಡು, ಕೆಲಸಕ್ಕೆ ಹೋಗಿ, ಮಕ್ಕಳನ್ನು ಹೆತ್ತು ಸಾಕುತ್ತಿರುವವರು ಎಷ್ಟೋ ಜನ. ಮುಚ್ಚಿಟ್ಟು ಐದು ವರ್ಷ ಕಳೆದವರ ಬೆರಳು ಸೊಟ್ಟಗಾಗಿರುತ್ತದೆ, ಆಮೇಲೆ ಮುಚ್ಚಿಡಲೂ ಆಗುವುದಿಲ್ಲ.

ಗೌಟ್: ಒಂದು ಸಂಖ್ಯೆಯ ಆಟ

ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ, ಕೀಲಿನಲ್ಲಿ ಸೂಜಿಯಂಥ ಹರಳು ಕಟ್ಟುತ್ತದೆ. ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಮುಟ್ಟು ನಿಲ್ಲುವವರೆಗೆ ಅಪರೂಪ. ಬಿಪಿಗೆ ಕೊಡುವ ಕೆಲವು ನೀರಿಳಿಸುವ ಮಾತ್ರೆಗಳೂ ಇದನ್ನು ಹೆಚ್ಚಿಸುತ್ತವೆ.

ನಮ್ಮಲ್ಲಿ ಆಗುವ ಗೊಂದಲ ಏನೆಂದರೆ, ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.5 ಬಂದ ತಕ್ಷಣ ಮಂಡಿ ನೋವಿಗೂ ಅದೇ ಕಾರಣ ಅಂತ ಮಾತ್ರೆ ಶುರು ಮಾಡುತ್ತಾರೆ. ಯೂರಿಕ್ ಆಸಿಡ್ ಜಾಸ್ತಿ ಇರುವ ಎಲ್ಲರಿಗೂ ಗೌಟ್ ಬರುವುದಿಲ್ಲ. ಕೀಲು ಊದದೆ, ಕಿಡ್ನಿ ಕಲ್ಲೂ ಇಲ್ಲದೆ ಬರೀ ಸಂಖ್ಯೆ ಹೆಚ್ಚಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ಹಾಗೆಯೇ ಗೌಟ್ ಬಂದ ದಿನ ರಕ್ತ ಪರೀಕ್ಷೆಯಲ್ಲಿ ಸಂಖ್ಯೆ ಮಾಮೂಲಿಯಾಗಿಯೂ ಇರಬಹುದು, ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

ನೋವು ಬಂದ ದಿನದ ಚಿಕಿತ್ಸೆ ಬೇರೆ, ಮತ್ತೆ ಬರದಂತೆ ತಡೆಯುವ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಕೋಲ್ಚಿಸಿನ್, ನೋವಿನ ಮಾತ್ರೆ ಅಥವಾ ಕೆಲವು ದಿನದ ಸ್ಟೀರಾಯ್ಡ್. ಎರಡನೆಯದಕ್ಕೆ ಅಲೋಪ್ಯುರಿನಾಲ್ ಅಥವಾ ಫೆಬುಕ್ಸೋಸ್ಟಾಟ್, ಪದೇ ಪದೇ ಬರುವವರಿಗೆ. ಅಲೋಪ್ಯುರಿನಾಲ್ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ಯೂರಿಕ್ ಆಸಿಡ್ 6ರ ಕೆಳಗೆ ಇಳಿಯುವವರೆಗೆ ಏರಿಸುತ್ತಾ ಹೋಗಬೇಕು. 100ರಲ್ಲೇ ವರ್ಷಗಟ್ಟಲೆ ನಿಂತು "ಮಾತ್ರೆ ನುಂಗಿದರೂ ಬರುತ್ತಿದೆ" ಅನ್ನುವವರು ಡಾಕ್ಟರಿಗೆ ಆ ಸಂಖ್ಯೆ ತೋರಿಸಿ ಕೇಳಿ. ಶುರುವಿನ ಕೆಲವು ತಿಂಗಳು ನೋವು ಇನ್ನೂ ಹೆಚ್ಚು ಸಲ ಬರಬಹುದು, ಹಳೆಯ ಹರಳು ಕರಗುವಾಗ ಹಾಗಾಗುತ್ತದೆ, ಅದಕ್ಕಾಗಿಯೇ ಜೊತೆಗೆ ಕೋಲ್ಚಿಸಿನ್ ಕೊಡುವುದು. ಅಲೋಪ್ಯುರಿನಾಲ್ ಶುರುವಾದ ಮೇಲೆ ಮೈ ಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಊಟದ ಬಗ್ಗೆ. ಬೇಳೆ ಬಿಡಿ, ಸೊಪ್ಪು ಬಿಡಿ, ಟೊಮೆಟೊ ಬಿಡಿ ಅಂತ ದೊಡ್ಡ ಪಟ್ಟಿ ಕೊಡುತ್ತಾರೆ. ತರಕಾರಿ, ಕಾಳುಗಳಿಂದ ಗೌಟ್ ಹೆಚ್ಚುವುದಿಲ್ಲ ಅಂತ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ 2004ರ ಅಧ್ಯಯನದಲ್ಲೇ ಕಂಡಿದೆ. ಹಾಗಾಗಿ ಮುದ್ದೆ, ಬಸ್ಸಾರು ಬಿಡಬೇಕಿಲ್ಲ. ಬಿಡಬೇಕಾದದ್ದು ಬೀರು, ಬೇರೆ ಮದ್ಯ, ಸಿಹಿ ತಂಪು ಪಾನೀಯ, ಲಿವರ್, ಬೋಟಿ. ಮಾಂಸ ಮಿತಿಯಲ್ಲಿರಲಿ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದು.

ಕರಾವಳಿಯವರಿಗೆ ಒಂದು ಮಾತು. ಭೂತಾಯಿ ಮೀನಿನಲ್ಲಿ ಒಮೆಗಾ 3 ಹೇರಳ, ರುಮಟಾಯ್ಡ್ ಇರುವವರಿಗೆ ಅದು ಸ್ವಲ್ಪ ಮಟ್ಟಿಗೆ ಒಳ್ಳೆಯದು. ಅದೇ ಭೂತಾಯಿಯಲ್ಲಿ ಮೈಯಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಕೂಡ ಹೇರಳ, ಗೌಟ್ ಇರುವವರು ಕಡಿಮೆ ಮಾಡಬೇಕು. ಅದಕ್ಕೇ "ಸಂಧಿವಾತಕ್ಕೆ ಪಥ್ಯ ಏನು" ಅಂತ ಯಾರಾದರೂ ಕೇಳಿದರೆ ಯಾವ ಸಂಧಿವಾತ ಅಂತ ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ.

ಬೆನ್ನಿನದ್ದು, ಸೋರಿಯಾಸಿಸ್‌ನದ್ದು, ಜ್ವರ ಬಿಟ್ಟು ಹೋದದ್ದು

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತದ ಸಂಧಿವಾತ, ಹೆಚ್ಚಾಗಿ ನಲವತ್ತೈದರ ಒಳಗೇ ಶುರುವಾಗುತ್ತದೆ. ಮಲಗಿದರೆ ಹೆಚ್ಚುವ, ಓಡಾಡಿದರೆ ಇಳಿಯುವ ಬೆನ್ನು ನೋವು ಇದರ ಗುರುತು. ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಬೇಕು, ಸೊಂಟದ ಕೀಲಿನ ಎಂಆರ್‌ಐಯಲ್ಲಿ ಬೇಗ ಸಿಗುತ್ತದೆ. ಎಚ್‌ಎಲ್‌ಎ ಬಿ27 ಅನ್ನುವ ವಂಶವಾಹಿಯ ರಕ್ತ ಪರೀಕ್ಷೆ ಸಹಾಯಕ್ಕೆ ಬರುತ್ತದೆ, ಅದೊಂದೇ ಸಾಲದು. ಕಣ್ಣು ಕೆಂಪಾಗಿ ನೋವು ಬಂದರೆ ಕಣ್ಣಿನ ಡಾಕ್ಟರಿಗೆ ಅದೇ ದಿನ ತೋರಿಸಿ. ಇಲ್ಲಿ ಎರಡು ವಿಷಯ ರುಮಟಾಯ್ಡ್‌ಗೆ ವಿರುದ್ಧ. ನೋವಿನ ಮಾತ್ರೆಯೇ ಇಲ್ಲಿ ಮೊದಲ ಚಿಕಿತ್ಸೆ, ಮೆಥೋಟ್ರೆಕ್ಸೇಟ್ ಬೆನ್ನಿಗೆ ಕೆಲಸ ಮಾಡುವುದಿಲ್ಲ. ದಿನಾ ಬೆನ್ನಿನ ವ್ಯಾಯಾಮ ಬಿಡುವಂತಿಲ್ಲ, ಬಿಟ್ಟರೆ ಬೆನ್ನು ಬಾಗಿದಂತೆಯೇ ಗಟ್ಟಿಯಾಗಬಹುದು.

ಚರ್ಮದಲ್ಲಿ ಸೋರಿಯಾಸಿಸ್ ಇರುವವರಿಗೆ ಬೆರಳು ಪೂರ್ತಿ ಊದಿಕೊಂಡರೆ, ಉಗುರಿನಲ್ಲಿ ಸಣ್ಣ ಗುಳಿ ಬಿದ್ದು ಕೀಲು ನೋವೂ ಇದ್ದರೆ ಅದು ಸೋರಿಯಾಸಿಸ್‌ನದ್ದೇ ಸಂಧಿವಾತ ಆಗಿರಬಹುದು. ಚರ್ಮದ ಡಾಕ್ಟರಿಗೆ ಕೀಲಿನ ವಿಷಯ, ಕೀಲಿನ ಡಾಕ್ಟರಿಗೆ ಚರ್ಮದ ವಿಷಯ ಹೇಳಲು ಮರೆಯಬೇಡಿ.

ಚಿಕುನ್‌ಗುನ್ಯಾ ನಮ್ಮವರಿಗೆ ಹೊಸದಲ್ಲ. 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣ ದಾಖಲಾದದ್ದು ಕರ್ನಾಟಕದಲ್ಲಿ, 7 ಲಕ್ಷಕ್ಕೂ ಹೆಚ್ಚು. ಜ್ವರ ವಾರದಲ್ಲಿ ಹೋದರೂ ಕೀಲು ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಹೆಚ್ಚಿನವರಿಗೆ ನಿಧಾನವಾಗಿ ಇಳಿಯುತ್ತದೆ, ಆದರೆ ಮೂರು ತಿಂಗಳು ದಾಟಿದ ಮೇಲೂ ಊತ ಇದ್ದರೆ "ಆ ಜ್ವರದ್ದೇ" ಅಂತ ಕೂರದೆ ರುಮಟಾಯ್ಡ್ ಪರೀಕ್ಷೆ ಮಾಡಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದಲೂ ಕೀಲು, ಬೆನ್ನು ಹಿಡಿದುಕೊಳ್ಳುತ್ತದೆ. ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ, ಅಲ್ಲಿ ಮೊದಲು ಬದಲಾಗಬೇಕಾದದ್ದು ಕುಡಿಯುವ ನೀರು.

ಮೂಳೆ ಡಾಕ್ಟರಾ, ರುಮಟಾಲಜಿಸ್ಟಾ, ಆಯುರ್ವೇದವಾ

ಸವೆತ, ಪೆಟ್ಟು, ಆಪರೇಷನ್‌ಗೆ ಮೂಳೆ ಡಾಕ್ಟರು. ಹಲವು ಕೀಲು ಊದಿ ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದರೆ ರುಮಟಾಲಜಿಸ್ಟ್. ಇವರು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಸಿಗುತ್ತಾರೆ, ಸಣ್ಣ ಊರುಗಳಲ್ಲಿ ಕಷ್ಟ. ಹತ್ತಿರ ಸಿಗದಿದ್ದರೆ ಒಳ್ಳೆಯ ಫಿಸಿಶಿಯನ್ ಹತ್ತಿರ ಶುರು ಮಾಡಿ, ಆರು ತಿಂಗಳಿಗೊಮ್ಮೆ ದೊಡ್ಡ ಊರಿಗೆ ಹೋಗಿ ಬರಬಹುದು. ಹೋಗುವಾಗ ಹಳೆಯ ಚೀಟಿ, ರಿಪೋರ್ಟ್ ಎಲ್ಲ ತೆಗೆದುಕೊಂಡು ಹೋಗಿ. ಊದಿದ ದಿನ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಡಾಕ್ಟರ ಹತ್ತಿರ ಹೋದ ದಿನ ಊತ ಇಲ್ಲದೇ ಇರಬಹುದು.

ಎಣ್ಣೆ ನೀವಿ ಬಿಸಿ ಶಾಖ ಕೊಟ್ಟರೆ ಸವೆತದ ಮಂಡಿಗೆ ನಿಜಕ್ಕೂ ಹಾಯೆನಿಸುತ್ತದೆ, ಧಾರಾಳವಾಗಿ ಮಾಡಿ. ಉರಿಯುತ್ತಿರುವ ಗೌಟ್ ಬೆರಳಿಗೆ ಶಾಖ ಬೇಡ, ತಣ್ಣೀರು ಪಟ್ಟಿ ಇಡಿ. ಆಯುರ್ವೇದ ತೆಗೆದುಕೊಳ್ಳುವವರು ಓದಿದ ವೈದ್ಯರ ಹತ್ತಿರ ಹೋಗಿ, ಏನು ಕೊಡುತ್ತಿದ್ದಾರೆ ಅಂತ ಇಬ್ಬರು ಡಾಕ್ಟರಿಗೂ ತಿಳಿಸಿ, ರುಮಟಾಯ್ಡ್ ಮಾತ್ರೆ ಮಾತ್ರ ನಿಲ್ಲಿಸಬೇಡಿ. ನನಗೆ ಭಯ ಇರುವುದು ಹೆಸರು, ವಿಳಾಸ, ಒಳಗೇನಿದೆ ಅನ್ನುವ ಚೀಟಿ ಯಾವುದೂ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ ಪುಡಿಗಳ ಬಗ್ಗೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಲೇಬೇಕು. ಮುಖ ಊದುವುದು, ಶುಗರ್ ಏರುವುದು, ಮೂಳೆ ಟೊಳ್ಳಾಗುವುದು ಆಮೇಲೆ ಕಾಣುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ಆ ಪುಡಿ ತೋರಿಸಿ ನಿಧಾನವಾಗಿ ಬಿಡಬೇಕು.

ಎರಡು ವಿಧ ಒಬ್ಬರಲ್ಲೇ ಇರುವುದೂ ಉಂಟು. ಹದಿನೈದು ವರ್ಷದಿಂದ ರುಮಟಾಯ್ಡ್ ಇರುವವರಿಗೆ ಅರವತ್ತರಲ್ಲಿ ಮಂಡಿಯೂ ಸವೆದಿರಬಹುದು. ಆಗ ಮಂಡಿ ಒಂದೇ ನೋಯುತ್ತಿದೆ, ಇಎಸ್‌ಆರ್, ಸಿಆರ್‌ಪಿ ಸರಿ ಇದೆ, ಬೇರೆ ಕೀಲಿನಲ್ಲಿ ಊತ ಇಲ್ಲ ಅಂದರೆ ರುಮಟಾಯ್ಡ್ ಔಷಧಿ ಏರಿಸಿ ಪ್ರಯೋಜನ ಇಲ್ಲ, ತೊಡೆಯ ವ್ಯಾಯಾಮ ಅಥವಾ ಆಪರೇಷನ್ ಕಡೆ ನೋಡಬೇಕು. ಅಂಥವರ ಮಂಡಿ ಆಪರೇಷನ್‌ಗೆ ಮೆಥೋಟ್ರೆಕ್ಸೇಟ್ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಬಯಾಲಜಿಕ್ ಇಂಜೆಕ್ಷನ್ ಇದ್ದರೆ ಆಪರೇಷನ್ ದಿನವನ್ನು ಅದರ ಮುಂದಿನ ಡೋಸಿನ ಲೆಕ್ಕ ನೋಡಿ ಗೊತ್ತು ಮಾಡುತ್ತಾರೆ, ಅದಕ್ಕೆ ಮೂಳೆ ಡಾಕ್ಟರು, ರುಮಟಾಲಜಿಸ್ಟ್ ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಿಕೊಳ್ಳುವಂತೆ ನೀವೇ ಒತ್ತಾಯ ಮಾಡಿ.